ಎಂಜಲು ಕೈಗೆ ಸಿಗದ ಸೌಟು

ಪೆದ್ದಹರಿವಾಣ
೧೨-೨-೧೯೫೮

ಚಿ. ಸೌ. ಲಿಂಗಕ್ಕನಿಗೆ ನಿನ್ನ ಅಪ್ಪ ಉಚ್ಚೀರಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಹಾಲಹರವಿಯಲ್ಲಿ ನೀನು, ಅಳಿಯಂದಿರು, ಮಕ್ಕಳು ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಹತ್ತಿ ಬಿಡಿಸುವ ಗಡಿಬಿಡಿಯಲ್ಲಿ ಉತ್ತರ ಬರೆಯಲಾಗಲಿಲ್ಲ, ಸಿಟ್ಟಾಗಬೇಡ. 'ಅಪ್ಪಾ, ಭಾಳ ಸೊರಗೀಯಂತ, ಏನಾಗೇತಿ?' ಎಂದು ಕೇಳಿದ್ದೀ. ನನಗೇನು ಧಾಡಿ? ನಿನ್ನ ಅವ್ವ ಹೋದ ಮೇಲೆ ಅಂಗಿ ಸ್ವಲ್ಪ ಸಡಿಲವಾಗಿದೆ, ಅಷ್ಟೇ.

ನೀನು ಅದನ್ನೇ ನಿನ್ನ ತಮ್ಮನಿಗೂ ಬರೆದೆಯಲ್ಲ, ಹನುಮಂತು ತಲೆಗೆ ಹಚ್ಚಿಕೊಂಡ. ಆದವಾನಿ ಸ್ಟೇಷನ್ನಿನ ಹತ್ತಿರ ಹೊಸ ಹೋಟೆಲು ಬಂದಿದೆ. ಯಜಮಾನ ಬೊಂಬಾಯಿ ಕಂಡು ಬಂದವನಂತೆ. ಟಿಕೀಟು ಕೊಂಡರೆ ಮುಗಿಯಿತು, ಉದ್ದ ಮೇಜಿನ ಮೇಲೆ ಪಾತ್ರೆ ಪಾತ್ರೆ ಅಡುಗೆ ಇಟ್ಟಿರುತ್ತಾರೆ, ಬೇಕಾದಷ್ಟು ಉಣ್ಣಬಹುದು. ಅದಕ್ಕೆ ಬಫೆ ಎಂದು ಹೆಸರು. 'ಅಪ್ಪಾ, ಇವತ್ತು ನೀ ಹೊಟ್ಟಿ ಬಿರಿಯಾಂಗ ಉಣ್ಣಬೇಕು ನೋಡು' ಎಂದು ಹೋದ ಗುರುವಾರ ಬಂಡಿ ಕಟ್ಟಿದ. ಸೊಸೆ ಮಹಾಂತಮ್ಮನೂ ಇದ್ದುದರಲ್ಲಿ ಒಳ್ಳೆ ಸೀರೆ ಉಟ್ಟು ಹೊರಟಳು.

ಹೆಂಗಸರಿಗೆ ಪರದೆಯ ಆಚೆ ಬೇರೆ ಜಾಗ. ನಾವಿಬ್ಬರು ಈಚೆ ಕೂತೆವು. ಕೂತೇ ಇದ್ದೆವು. ಬಡಿಸುವವರೇ ಬರಲಿಲ್ಲ. ಎದ್ದು ಎದ್ದು ಹಾಕಿಕೊಳ್ಳುತ್ತಿದ್ದವರನ್ನು ಹೋಟೆಲಿನ ಮನೆಯವರೇ ಇರಬೇಕೆಂದು ತಿಳಿದೆ! ಕೊನೆಗೆ ಯಜಮಾನ ಬಂದು ನಕ್ಕ. 'ಪೆದ್ದಾಯನಾ, ಇಕ್ಕಡ ಎವರೂ ವಡ್ಡಿಂಚರು. ಬಡಿಸೋರು ಯಾರೂ ಇಲ್ರಿ, ನಿಮ್ಮ ಕೈಲೆ ನೀವಽ ಹಾಕ್ಕೋಬೇಕ್ರಿ.'

ಹಾಕಿಕೊಂಡೆವು. ಹತ್ತು ಜನರ ಎದುರಿಗೆ ತಾಟು ತುಂಬಿಕೊಳ್ಳುವುದು ನಮ್ಮ ಮನೆತನದಲ್ಲಿ ಇಲ್ಲ. ಮರ್ಯಾದೆಗೆ ಒಂದು ಪೂರಿ, ಒಂದಿಷ್ಟು ಪಲ್ಯ, ಹಿಡಿ ಅನ್ನ. ಮತ್ತೊಮ್ಮೆ ಹಾಕಿಕೊಂಡರಾಯಿತು ಎಂದುಕೊಂಡೆವು. ಅದು ಮುಗಿದ ಮೇಲೆ ಹನುಮಂತು ತನ್ನ ಕೈ ನೋಡಿಕೊಂಡ, ನಾನು ನನ್ನ ಕೈ ನೋಡಿಕೊಂಡೆ. ಎಂಜಲು ಕೈಯಲ್ಲಿ ಊರವರ ಸೌಟು ಮುಟ್ಟುವುದು ಹೇಗೆ? ಎಡಗೈಯಲ್ಲಿ ಅನ್ನ ಬಡಿಸಿಕೊಳ್ಳುವುದು ಹೇಗೆ? ಕೈ ತೊಳೆದು ಬರೋಣವೆಂದರೆ, ಉಣ್ಣುತ್ತ ಎದ್ದರೆ ಊಟ ಮುಗಿದ ಹಾಗೆಯೇ. ಅಲ್ಲಿ ಉಣ್ಣುತ್ತಿದ್ದ ಹತ್ತಿ ವ್ಯಾಪಾರಿಗಳು ಎಡಗೈಯಲ್ಲೇ ಗೋರಿಕೊಂಡು ತಿಂದರು. ಶಾವಿಗೆ ಪಾಯಸ ಮೇಜಿನ ಮೇಲಿಂದ ನಮ್ಮನ್ನೇ ನೋಡುತ್ತಿತ್ತು. ನಾವು ಕೈ ತೊಳೆದು ಹೊರಗೆ ಬಂದೆವು.

ಬಂಡಿಯಲ್ಲಿ ಕೇಳಿದರೆ ಮಹಾಂತಮ್ಮನದೂ ಅದೇ ಗತಿ. ಗಂಡ ಹೆಂಡತಿ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ದಾರಿಯಲ್ಲಿ ಹನುಮಂತು ಉಗ್ಗಾನಿ ಬಜ್ಜಿ ಕಟ್ಟಿಸಿಕೊಂಡು ಬಂದು ನನ್ನ ಮುಂದೆ ಹಿಡಿದ. 'ನನಗ ಸಾಕಪ್ಪಾ' ಎಂದೆ. 'ಅಪ್ಪಗ ಅಷ್ಟಕ್ಕಽ ತುಂಬೇತಿ' ಎಂದು ಇಬ್ಬರೂ ಹಂಚಿಕೊಂಡು ತಿಂದರು. ಪಾಪ, ಮಕ್ಕಳಿಗೂ ಹಸಿವಾಗಿತ್ತು.

ಉಗಾದಿಗೆ ಮಕ್ಕಳನ್ನು ಕರೆದುಕೊಂಡು ತಪ್ಪದೆ ಬಾ. ನಿನ್ನ ಮನೆಯ ಒಲೆ ಎಂದೂ ಆರದಿರಲಿ, ಮಗಳೇ.

ಇಂತಿ ನಿನ್ನ ಅಪ್ಪ
ಉಚ್ಚೀರಪ್ಪ

ತಾ.ಕ.: ಇದನ್ನು ನೀನೊಬ್ಬಳೇ ಓದು. ಮಹಾಂತಮ್ಮ ಬಂಗಾರದಂಥ ಹುಡುಗಿ. ಮಾವನ ಎದುರು ಮಾತಾಡಬಾರದೆಂದು ಒಮ್ಮೆ ಬಡಿಸಿ ಬಾಗಿಲ ಹಿಂದೆ ನಿಲ್ಲುತ್ತಾಳೆ. ನಾನು ತಾಟಿಗೆ ಕೈ ಅಡ್ಡ ಹಿಡಿದರೆ ನಂಬಿ ಒಳಗೆ ಹೋಗುತ್ತಾಳೆ. ನಿನ್ನ ಅವ್ವ ಒಂದು ದಿನವೂ ನಂಬಲಿಲ್ಲ. 'ಸುಮ್ನ ಕೈ ತಗೀರಿ, ನಿಮ್ಮ ಹೊಟ್ಟಿ ನನಗ ಗೊತ್ತೈತಿ' ಎಂದು ಕೈ ಮೇಲೆಯೇ ರೊಟ್ಟಿ ಹಾಕುತ್ತಿದ್ದಳು. ಇನ್ನೊಂದು ಬೇಕೆಂದು ಕೇಳುವುದು ನನಗೆ ಬಾರದು, ಲಿಂಗಾ. ಕೇಳುವ ಪ್ರಸಂಗವೇ ಬರದ ಹಾಗೆ ನೋಡಿಕೊಂಡಳು. ಆಕೆ ಹೋದಾಗಿನಿಂದ ನಾನು ದಿನಾ ಆ ಹೋಟೆಲಿನಲ್ಲೇ ಉಣ್ಣುತ್ತಿದ್ದೇನೆ. ಆ ಹುಡುಗಿಗೆ ಬಾಯಿಬಿಟ್ಟು ಏನೂ ಹೇಳಬೇಡ, ನೊಂದುಕೊಳ್ಳುತ್ತಾಳೆ. ನೀನು ಬಂದಾಗ ಆಕೆಯ ಎದುರಿಗೆ ಒಂದು ಹೊತ್ತು ನನಗೆ ಬಡಿಸು. ನಾನು ಕೈ ಅಡ್ಡ ಹಿಡಿಯುತ್ತೇನೆ, ನೀನು ನಿಲ್ಲಿಸಬೇಡ.