ಶಿರೂರಿನ ಕಾಲುವೆಯ ಇಳಿಜಾರು

ಹಡಪಸರ, ಪುಣೆ
11 ಮಾರ್ಚ್ 2002

ಚಿ. ಸೌ. ಭುವನೇಶ್ವರಿಗೆ,

ಬಿಜಾಪುರದಿಂದ ನೀನು ಬರೆದ ಎರಡು ಕಾಗದಗಳೂ ಬಂದಿವೆ. ಉತ್ತರ ಬರೆಯಲು ಕುಳಿತು ಮೂರು ಸಲ ಎದ್ದೆ. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿಮ್ಮ ಅವ್ವನ ಮೊಣಕಾಲು ನೋವು ಹಾಗೇ ಇದೆ.

ಕೆಲಸ ಹೋದಾಗಿನಿಂದ ಪ್ರೇಮಕುಮಾರ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ, ನಿನ್ನೊಡನೆಯೂ ಮಾತಿಲ್ಲ ಎಂದು ಬರೆದಿದ್ದೀಯೆ. 'ನನ್ನ ಗಂಡ ಅಂಥಾ ತಪ್ಪು ಏನ್ ಮಾಡ್ಯಾನಪ್ಪಾ?' ಎಂದು ಕೇಳಿದ್ದೀಯೆ. ಅವನನ್ನು ನಮ್ಮ ಸರ್ವೆ ಆಫೀಸಿಗೆ ಸೇರಿಸಿದವನು ನಾನು. ನಾನೇ ಹೇಳಬೇಕು.

ಭೂಮಿ ನುಣುಪಾದ ಗೋಳವೆಂದು ಶಾಲೆಯಲ್ಲಿ ಓದಿದ್ದೀಯೆ. ಅಳೆಯುವವರಿಗೆ ಹಾಗಲ್ಲ. ಸಮುದ್ರದ ನೀರು ನೆಲದ ಕೆಳಗೂ ಹರಡಿ ಸುಮ್ಮನೆ ನಿಂತಿದೆ ಎಂದುಕೊ. ನಿಂತರೂ ನುಣುಪಾಗಿ ನಿಲ್ಲುವುದಿಲ್ಲ. ನೆಲದೊಳಗೆ ಭಾರ ಹೆಚ್ಚಿದ್ದಲ್ಲಿ ಉಬ್ಬುತ್ತದೆ, ಕಡಿಮೆಯಿದ್ದಲ್ಲಿ ತಗ್ಗುತ್ತದೆ. ನೀರಿನ ಮಟ್ಟಿಗೆ ಭೂಮಿಯ ಆಕಾರ ಅದೇ. ಉಪಗ್ರಹದಿಂದ ಎತ್ತರ ಹೇಳುವ ಹೊಸ ಯಂತ್ರಕ್ಕೆ ಮಾತ್ರ ನುಣುಪು ಗೋಳವಷ್ಟೇ ಗೊತ್ತು. ಎರಡರ ನಡುವಿನ ವ್ಯತ್ಯಾಸವನ್ನು ಒಂದೊಂದು ಜಾಗಕ್ಕೂ ಬೇರೆಯಾಗಿ ಕೂಡಿಸಬೇಕು.

ಪ್ರೇಮಕುಮಾರ ಹಡಪಸರದ ಗುರುತುಕಲ್ಲಿನಲ್ಲಿ ಸಿಕ್ಕ ವ್ಯತ್ಯಾಸದ ಅಂಕಿಯನ್ನೇ ಶಿರೂರಿನ ಕಾಲುವೆಯುದ್ದಕ್ಕೂ ಕೂಡಿಸಿದ. ಕೊನೆ ತಲುಪುವಷ್ಟರಲ್ಲಿ ತಪ್ಪು ಒಂದು ಮೀಟರ್ ಮೀರಿತ್ತು. ನೀರು ಹರಿಯಲೆಂದು ಕಾಲುವೆಗೆ ಮೊದಲಿಂದ ಕೊನೆಯವರೆಗೆ ಕೊಟ್ಟ ಇಳಿಜಾರೇ ಅಷ್ಟು. ನಮ್ಮ ಹಳೆಯ ರೂಢಿಯಂತೆ ಕೋಲು ಹಿಡಿದು ಅಳೆಯುತ್ತ ಹೋಗಿ, ಅಳೆಯುತ್ತಲೇ ಹಿಂದಿರುಗಿ, ಹೊರಟ ಕಲ್ಲಿಗೆ ಲೆಕ್ಕ ಮುಟ್ಟಿಸಿದ್ದರೆ ತಪ್ಪು ಸಿಕ್ಕಿಬೀಳುತ್ತಿತ್ತು. ಯಂತ್ರ ಬಂದಮೇಲೆ ಆಫೀಸು ಅದನ್ನು ಬಿಟ್ಟುಬಿಟ್ಟಿತು.

ನೀರು ಬಿಟ್ಟ ದಿನ ನಾನೂ ಹೋಗಿದ್ದೆ. ಕೊನೆಯ ಹಳ್ಳಿಗೆ ಇನ್ನೂ ಎರಡು ಮೈಲಿ ಇರುವಾಗಲೇ ನೀರು ನಿಂತಿತು. ಆರತಿ ತಟ್ಟೆ ಹಿಡಿದು ಕಾಯುತ್ತಿದ್ದ ರಂಗೂಬಾಯಿ ಎಂಬ ಮುದುಕಿ, 'ಬಾಳಾ, ಪಾಣಿ ಥಕಲ ಕಾ?' ಎಂದು ಪ್ರೇಮಕುಮಾರನನ್ನು ಕೇಳಿದಳು, ಮಗೂ, ನೀರಿಗೆ ದಣಿವಾಯಿತೇ ಎಂದು. ನಮ್ಮ ಕೋಲು ಹಿಡಿಯುವ ಜಟ್ಟೆಪ್ಪ ನಕ್ಕ: 'ಅಳಿಯಾರ, ನಿಮ್ಮ ಉಪಗ್ರಹಕ್ಕ ನೀರಡಿಕಿ ಆಗೂದಿಲ್ಲೇನ್ರಿ?' ಪ್ರೇಮಕುಮಾರ ಒಣ ಕಾಲುವೆಯೊಳಗೆ ಇಳಿದು ಕುಳಿತುಬಿಟ್ಟ. ಎಬ್ಬಿಸಲು ಇಬ್ಬರು ಬೇಕಾಯಿತು.

ಬೇರೆ ಕಡೆ ಕೆಲಸಕ್ಕೆ ಕೇಳಿನೋಡಿದೆ. ಹೆಸರು ಹೇಳಿದೊಡನೆ 'ಆ ಕಾಲುವೆಯವನಾ?' ಎನ್ನುತ್ತಾರೆ. ಈ ಕಸುಬಿನಲ್ಲಿ ಅವನಿಗೆ ಇನ್ನು ದಾರಿಯಿಲ್ಲ. ಸುಳ್ಳು ಭರವಸೆ ಬರೆಯಲಾರೆ.

ಅವನು ಉಣ್ಣದಿದ್ದರೂ ಬಯ್ಯಬೇಡ. ನಿನಗೆ ತಾಳುವ ಶಕ್ತಿ ಬರಲಿ ಎಂದು ಹರಸುವ,

ನಿನ್ನ ಅಪ್ಪ
ಸಿದ್ದಲಿಂಗಪ್ಪ

ತಾ.ಕ.: ಶಿರೂರಿನಿಂದ ಅವನು ನನಗೆ ಫೋನ್ ಮಾಡಿದ್ದ. 'ಮಾವಾರ, ಇಲ್ಲೂ ಅದ ಅಂಕಿ ಹಾಕಲೇನ್ರಿ? ಒಂದ್ಸಲ ನೋಡಿ ಹೇಳ್ರಿ.' ಒಂದೊಂದು ಜಾಗದ ವ್ಯತ್ಯಾಸ ಬರೆದ ಕೋಷ್ಟಕ ನನ್ನ ಮೇಜಿನ ಖಾನೆಯಲ್ಲೇ ಇತ್ತು. ತೆಗೆಯಲಿಲ್ಲ. 'ಹಾಕಪಾ, ಏನೂ ಆಗೂದಿಲ್ಲ' ಎಂದೆ. ಅಂಕಿ ಹಾಕುವ ಮುಂಚೆ ಇವನು ಯಾರನ್ನಾದರೂ ಕೇಳಿದ್ದನೇ ಎಂದು ಆಫೀಸಿನ ವಿಚಾರಣೆಯಲ್ಲಿ ಸಾಹೇಬರು ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲವೆಂದೆ. ಪಕ್ಕದಲ್ಲೇ ಕುಳಿತಿದ್ದ ಅವನು ಒಮ್ಮೆ ನನ್ನ ಕಡೆ ನೋಡಿ, 'ಯಾರನ್ನೂ ಕೇಳಿಲ್ರಿ' ಎಂದ.