ಕೊನೆಯ ಎಕ್ಸಿಟ್

೧೪ ಸೆಪ್ಟೆಂಬರ್ ೨೦೨೫, ಭಾನುವಾರ, ಪೊಮೊನಾ

ಮನೆಗೆ ಬಂದು ಮೂರು ಗಂಟೆಯಾಯಿತು. ತಪ್ಪು ನನ್ನದೇ. ಸ್ಯಾನ್ ಡಿಯೇಗೊದಲ್ಲಿ ಮೆಕ್ಸಿಕೊ ಗಡಿಯ ಪಕ್ಕದ ಮಾಲ್‌ಗೆಂದು ಡ್ರೈವ್ ಮಾಡುತ್ತಿದ್ದೆ. ಹಿಂದಿನ ಸೀಟಿನಲ್ಲಿ ಮಗಳು ನಿಶ್ಮಿತಾ ಸ್ಕೂಲ್ ಪ್ರಾಜೆಕ್ಟಿನ ಮ್ಯಾಪ್ ಹರಡಿಕೊಂಡು ಕೂತಿದ್ದಳು. ೧೮೨೧ರಲ್ಲಿ ಸ್ಪೇನ್‌ನಿಂದ ಸ್ವತಂತ್ರವಾದ ಮೆಕ್ಸಿಕೊದೊಳಗೆ ನಮ್ಮ ಪೊಮೊನಾ ಕೂಡ ಇತ್ತಂತೆ. ಈ ದೇಶದೆದುರು ಮೆಕ್ಸಿಕೊ ಯುದ್ಧ ಸೋತ ಮೇಲೆ, ೧೮೪೮ರಲ್ಲಿ, ಗಡಿ ಇಷ್ಟು ಕೆಳಗೆ ಬಂತಂತೆ. ಮ್ಯಾಪ್ ನೋಡಲು ಕನ್ನಡಿಯತ್ತ ಕಣ್ಣು ಹಾಯಿಸಿದೆ, ಅಷ್ಟೇ.

"ಏಯ್, ಎಕ್ಸಿಟ್ ತಗೋ! ಇದೇ ಕೊನೇದು!" ಪಕ್ಕದಲ್ಲಿದ್ದ ಇವರು ಕಿರುಚಿದರು.

ಹೇಗೆ ತಿರುಗಿಸಿದೆನೋ ದೇವರಿಗೇ ಗೊತ್ತು. ಹೆದ್ದಾರಿ ಬಿಟ್ಟು ಇಳಿಯುವ ಆ ದಾರಿ ತಪ್ಪಿದ್ದರೆ ನೇರ ಮೆಕ್ಸಿಕೊ. ನಮ್ಮಿಬ್ಬರ ವೀಸಾ ಮುಗಿದಿದೆ, ಎಕ್ಸ್‌ಟೆನ್ಷನ್ ಇನ್ನೂ ಬಂದಿಲ್ಲ, ಪಾಸ್‌ಪೋರ್ಟ್ ಮನೆಯಲ್ಲಿ. ದಾಟಿದ್ದರೆ ವಾಪಸ್ ಯಾರು ಬಿಡುತ್ತಿದ್ದರು?

ಪಾರ್ಕಿಂಗಿನಲ್ಲಿ ಯಾರೂ ಕಾರಿನಿಂದ ಇಳಿಯಲಿಲ್ಲ. ನಿಶ್ಮಿತಾ ಮೆಲ್ಲಗೆ ಕೇಳಿದಳು: "ಅಮ್ಮಾ, ಐ ವಾಸ್ ಬಾರ್ನ್ ಹಿಯರ್. ನನ್ನೊಬ್ಬಳನ್ನೇ ಒಳಗೆ ಬಿಡ್ತಿದ್ರಾ?"

"ಇಲ್ಲ ಪುಟ್ಟಾ, ಹಾಗೆಲ್ಲ ಮಾಡಲ್ಲ" ಎಂದೆ.

ಈಗ ಮೂರೂ ಪಾಸ್‌ಪೋರ್ಟ್ ತೆಗೆದು ನನ್ನ ಪರ್ಸಿನಲ್ಲಿಟ್ಟೆ. ಅವಳದ್ದನ್ನು ನಮ್ಮಿಬ್ಬರದರ ನಡುವೆ ಸೇರಿಸಿ, ರಬ್ಬರ್ ಬ್ಯಾಂಡ್ ಎರಡು ಸುತ್ತು ಬಿಗಿದೆ. ಮತ್ತೆ ಎದ್ದುಹೋಗಿ ಇನ್ನೊಂದು ಸುತ್ತು ಹಾಕಿ ಬಂದೆ.