ಮಲವಗೊಪ್ಪ ದಾಟದ ಬಸ್ಸು

3 ಫೆಬ್ರವರಿ 2025, ಸೋಮವಾರ. ಬೆಳಿಗ್ಗೆ 11.30

ಆತ್ಮಸಾಕ್ಷಿಯನ್ನೇ ಸಾಕ್ಷಿಯಾಗಿಟ್ಟುಕೊಂಡು (ಬೇರೆ ಸಾಕ್ಷಿ ಸಿಗದಂತೆ ನೋಡಿಕೊಂಡಿದ್ದೇನೆ) ತಪ್ಪೊಪ್ಪಿಗೆ ಬರೆಯುತ್ತಿದ್ದೇನೆ. ಈ ದಿನ ಹತ್ತೂಮುಕ್ಕಾಲರ ಸುಮಾರಿಗೆ, ಶಿವಮೊಗ್ಗದ ಗಾಂಧಿ ಬಜಾರಿನ ದೇವರಾಜನ ರೇಡಿಯೊ ರಿಪೇರಿ ಅಂಗಡಿಯಲ್ಲಿ, ಅವನು ನನಗೇ ಟೀ ಹೇಳಲು ಆಚೆ ಹೋದಾಗ, ಕಳ್ಳತನ ಮಾಡಿದೆ. ಮಾಲು: ಕ್ಯಾಸೆಟ್ ಒಂದು. ಬಚ್ಚಿಟ್ಟ ಸ್ಥಳ: ಸಬ್ಬಸಿಗೆ ಸೊಪ್ಪಿನ ಚೀಲ. ಆರೋಪಿ: ವಿಶ್ವಾರಾಧ್ಯ, ಅರವತ್ತೊಂಬತ್ತು ವರ್ಷ, ರಿಟೈರ್ಡ್ ಕನ್ನಡ ಲೆಕ್ಚರರ್, ಹಾಸ್ಯ ಭಾಷಣಕಾರ. ಕ್ಯಾಸೆಟ್ಟಿನಲ್ಲಿರುವ ದನಿಯೂ ಅದೇ ವಿಶ್ವಾರಾಧ್ಯನದು. ಸ್ವಂತ ದನಿ ಕದ್ದರೆ ಯಾವ ಸೆಕ್ಷನ್ನೋ ಗೊತ್ತಿಲ್ಲ.

ಆಮೇಲೆ ಕೂತು ಅವನ ಟೀಯನ್ನೂ ಕುಡಿದೆ. ಸಕ್ಕರೆ ಜಾಸ್ತಿ.

ಕ್ಯಾಸೆಟ್ಟಿನ ಹೆಸರು ‘ಹಲ್ಲಿದ್ದವರು ನಗಲಿ’. 1991ರ ರಾಜ್ಯೋತ್ಸವದಲ್ಲಿ, ಭದ್ರಾವತಿ ನ್ಯೂ ಟೌನಿನ ಒಂದು ಹಾಲ್‌ನಲ್ಲಿ ರೆಕಾರ್ಡ್ ಆಗಿದ್ದು. ಕವರ್ ಮೇಲೆ ನಾನು, ಸಫಾರಿ ಸೂಟಿನಲ್ಲಿ. ತ್ಯಾವರೆಕೊಪ್ಪದ ಸಫಾರಿಯಲ್ಲಿ ಹಾಗೆ ನಿಂತಿದ್ದರೆ ಹುಲಿಯೇ ಮುಖ ತಿರುಗಿಸುತ್ತಿತ್ತು.

ಕದಿಯಲು ಕಾರಣ ಆನಂದ್. ಹಳೇ ಶಿಷ್ಯ. ಮಾರ್ಚ್ ಎರಡಕ್ಕೆ ನನಗೆ ಅಭಿನಂದನೆ ಇಟ್ಟುಕೊಂಡಿದ್ದಾನೆ. ಸಭೆಯಲ್ಲಿ ಈ ಕ್ಯಾಸೆಟ್ ಹಾಕಿಸಬೇಕಂತೆ. ಪೆನ್ ಡ್ರೈವಿಗೆ ಇಳಿಸಲು ದೇವರಾಜನಿಗೆ ಕೊಟ್ಟಿದ್ದ. ಬಾಯ್ತಪ್ಪಿ ನನಗೂ ಹೇಳಿದ.

ಹೋಗಲಿ. ಹಳೇ ಜೋಕುಗಳು. ಮೊದಲ ಸೈಡ್ ಪೂರ್ತಿ ಹೆಂಡತಿಯರು. ಎರಡನೇ ಸೈಡಿನಲ್ಲಿ ದಪ್ಪಗಿರುವವರು, ಕಪ್ಪಗಿರುವವರು, ಕೊನೆಗೆ ತೊದಲುವವರು. ಈಗ ಅದನ್ನು ಹಾಕಿದರೆ ಶಾಲಿನ ಬದಲು ಎಫ್ಐಆರ್ ಹೊದೆಸುತ್ತಾರೆ.

4 ಫೆಬ್ರವರಿ, ಮಂಗಳವಾರ

ಆನಂದ್ ಫೋನ್. ಕ್ಯಾಸೆಟ್ ಕಾಣೆಯಾಗಿದೆಯಂತೆ. ದೇವರಾಜ ಅಂಗಡಿಯನ್ನೇ ತಲೆಕೆಳಗು ಮಾಡಿದ್ದಾನೆ, ಊಟ ಬಿಟ್ಟು ಹುಡುಕುತ್ತಿದ್ದಾನೆ. ಪಾಪ ಅಂದೆ. ಧ್ವನಿ ಚೆನ್ನಾಗಿ ಬಂತು. ನಲವತ್ತು ವರ್ಷದ ಸ್ಟೇಜ್ ಅನುಭವ.

ಇನ್ವಿಟೇಶನ್ನಿಗೆ ಒಂದು ಸಾಲು ಕೇಳಿದ. ಕೊಟ್ಟೆ: “ಏಳುನೂರು ಸಭೆ, ಒಬ್ಬ ಶ್ರೋತೃವೂ ನಡುವೆ ಎದ್ದು ಹೋದದ್ದಿಲ್ಲ.” ಅದು ನನ್ನ ಹೆಮ್ಮೆ, ಎಲ್ಲ ಕಡೆ ಹೇಳಿಕೊಂಡಿದ್ದೇನೆ. ಮಂತ್ರಿಗಳ ಭಾಷಣಕ್ಕೆ ಎದ್ದು ಹೋಗುತ್ತಾರೆ. ಹರಿಕಥೆಗೆ ಎದ್ದು ಹೋಗುತ್ತಾರೆ. ನನಗೆ ಇಲ್ಲ.

ತಮ್ಮನಿಂದ ಎರಡು ಮಾತು ಆಡಿಸಬೇಕು ಎಂದೂ ಅಂದ. ಆನಂದನಿಗೆ ಗೊತ್ತಿಲ್ಲ. ವಿಜಯೇಂದ್ರನಿಗೆ ಎರಡು ಮಾತು ಅಂದರೆ ಅರ್ಧ ಗಂಟೆ... 

ಈ ಜೋಕು ಬರೆಯಬಾರದಿತ್ತು. ಬರೆದಾಯಿತು. ಹೊಡೆದುಹಾಕುವುದಿಲ್ಲ.

7 ಫೆಬ್ರವರಿ, ಶುಕ್ರವಾರ. ಮಧ್ಯಾಹ್ನ

ಸನ್ಮಾನದ ಭಾಷಣಕ್ಕೆ ವಿಷಯ ಸಿಕ್ಕಿತು: ‘ಕೆಟ್ಟ ಮುಪ್ಪು’. ಒಂದು ಕಾಲದಲ್ಲಿ ಮೆರೆದು ಆಮೇಲೆ ಮಾನ ಕಳೆದುಕೊಂಡವು. ಟೆರಿಲಿನ್ ಅಂಗಿ, ಅದೂ ಭದ್ರಾವತಿಯ ಏಪ್ರಿಲ್ ತಿಂಗಳಲ್ಲಿ. ಟೀವಿಗೆ ಬಾಗಿಲು, ಬಾಗಿಲಿಗೆ ಬೀಗ. ಫ್ರಿಜ್ಜಿನ ತಲೆಗೆ ಕ್ರೋಶಾ ಟೋಪಿ. ತಾಯಿಯ ಹಾಲಿಗಿಂತ ಡಬ್ಬಿ ಹಾಲು ಮೇಲು ಎಂದ ಡಾಕ್ಟರು. ನೀಲಗಿರಿ ನೆಟ್ಟರೆ ಊರು ಉದ್ಧಾರ ಎಂದ ಆಫೀಸರು.

ಜಯಶೀಲಾಗೆ ಓದಿ ಹೇಳಿದೆ. ಹೆಂಡತಿ, ಅಂದರೆ ಮೊದಲ ಸೈಡಿನ ಕಚ್ಚಾಮಾಲು. ಅವರೆಕಾಳು ಹಿಚುಕುತ್ತಾ ಕೇಳಿದಳು. ತಲೆ ಎತ್ತಲಿಲ್ಲ. “ಒಂದು ಬಿಟ್ರಿ,” ಅಂದಳು. ಏನು ಅಂದೆ. ಕಾಳು ಪಾತ್ರೆಗೆ ಹಾರಿ ಬಿತ್ತು.

ಅವಳು ಹೇಳಿದ್ದು ಯಾವುದನ್ನೋ. ನಾನು ಬಿಟ್ಟದ್ದು ನನಗೆ ಗೊತ್ತು: ಎಡಗೈ ತಿದ್ದುವುದು.

1970. ವಿಜಯೇಂದ್ರನಿಗೆ ಎಂಟು, ನನಗೆ ಹದಿನಾಲ್ಕು. ಅವನು ಎಡಚ. ಬರೆಯುವುದು ಎಡಗೈ, ಊಟ ಎಡಗೈ. ಅದಾದರೂ ಹೋಗಲಿ. ನಮ್ಮಲ್ಲಿ ಇಷ್ಟಲಿಂಗ ಕೂರುವುದು ಎಡ ಅಂಗೈಯಲ್ಲಿ, ಪೂಜೆ ಮಾಡುವುದು ಬಲಗೈ. ಅವನು ಲಿಂಗವನ್ನು ಬಲ ಅಂಗೈಯಲ್ಲಿ ಕೂರಿಸಿ ಎಡಗೈಯಿಂದ ವಿಭೂತಿ ಹಚ್ಚಿದ. ಅಪ್ಪ ನೋಡಿದರು. ಸ್ಕೂಲಿನ ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಯಾವುದೋ ಪುಸ್ತಕ ಓದಿದವರು. ಕಟ್ಟಿಹಾಕಿ, ಆರು ತಿಂಗಳಲ್ಲಿ ಸರಿಯಾಗುತ್ತದೆ ಅಂದರು. ಆ ಕಾಲದ ಸೈನ್ಸ್.

ಕಟ್ಟುವ ಡ್ಯೂಟಿ ನನಗೆ ಬಿತ್ತು. ಅಮ್ಮನ ಹಳೇ ಸೀರೆಯ ಅಂಚು ಹರಿದು, ದಿನಾ ಬೆಳಿಗ್ಗೆ ಅವನ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದೆ. ಗಂಟು ಚೆನ್ನಾಗಿ ಹಾಕುತ್ತಿದ್ದೆ. ಅಪ್ಪ ಹೊಗಳುತ್ತಿದ್ದರು.

ಆರು ತಿಂಗಳಲ್ಲಿ ಕೈ ಸರಿಯಾಯಿತು. ಮಾತು ತೊದಲಿತು. ಅದರಿಂದಲೇ ಇದು ಎಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಬರೆದುಕೊಟ್ಟಿಲ್ಲ ಎನ್ನುವುದನ್ನೇ ಐವತ್ತೈದು ವರ್ಷ ಹಿಡಿದುಕೊಂಡಿದ್ದೇನೆ.

ಸಂಜೆ 6

ಬರೆಯುತ್ತಿದ್ದಾಗ ಸುಮನಾ ಫೋನ್ ಮಾಡಿದಳು. ವಿಜಯೇಂದ್ರನ ಮಗಳು. ಅವಳ ಮಗಳು ಸ್ಪಂದನಾಗೆ ಸೋಮವಾರ ಲಿಂಗದೀಕ್ಷೆ, ನ್ಯೂ ಟೌನಿನ ಮನೆಯಲ್ಲೇ. ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ಬರಲೇಬೇಕಂತೆ.

10 ಫೆಬ್ರವರಿ, ಸೋಮವಾರ. ಸಂಜೆ

ಭದ್ರಾವತಿಗೆ ಬಸ್ಸಿನಲ್ಲಿ ಹೋಗಿ ಬಂದೆವು. ಮಲವಗೊಪ್ಪ ಬಂದಾಗ ಜಯಶೀಲಾ ಕಿಟಕಿ ಕಡೆ ತಿರುಗಿಕೊಂಡಳು.

ಮಲವಗೊಪ್ಪ ನನಗೆ ಅನ್ನ ಹಾಕಿದ ಊರು. ನನ್ನ ಅತಿ ಹೆಸರುವಾಸಿ ಐಟಂ ‘ತೊದಲು ತಮ್ಮಯ್ಯ’. ಶಿವಮೊಗ್ಗದಲ್ಲಿ ಬಸ್ ಹತ್ತುತ್ತಾನೆ. ಕಂಡಕ್ಟರು ಎಲ್ಲಿಗೆ ಅಂತ ಕೇಳುತ್ತಾನೆ. ತಮ್ಮಯ್ಯ ಮ-ಮ-ಮ ಎಂದು ಶುರುಮಾಡಿ ಮಲವಗೊಪ್ಪ ಎಂದು ಮುಗಿಸುವಷ್ಟರಲ್ಲಿ ಬಸ್ಸು ಭದ್ರಾವತಿ ಸ್ಟ್ಯಾಂಡಿನಲ್ಲಿರುತ್ತದೆ. ಹನ್ನೆರಡು ನಿಮಿಷ. ಜನ ಬಿದ್ದು ಬಿದ್ದು ನಗುತ್ತಿದ್ದರು. ಪ್ರಾಸಕ್ಕಾಗಿ ತಮ್ಮಯ್ಯ ಎಂದು ಹೆಸರಿಟ್ಟೆ ಎಂದು ಹೇಳುತ್ತಾ ಬಂದಿದ್ದೇನೆ. ನಿಜವಾದ ಬಸ್ಸಿನಲ್ಲಿ, 1983ರಲ್ಲಿ, ವಿಜಯೇಂದ್ರನ ಪಕ್ಕದ ಸೀಟಿನಲ್ಲಿ ನಾನೇ ಇದ್ದೆ. ಅವನ ಪರವಾಗಿ ಊರಿನ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. ಗಮನಿಸುತ್ತಿದ್ದೆ. ಕಲಾವಿದ.

ದೀಕ್ಷೆ. ಅಯ್ನೋರು ಮಗುವಿನ ಅಂಗೈಗೆ ಲಿಂಗ ಕೊಡಲು ಹೋದರು. ಸ್ಪಂದನಾ ಬಲಗೈ ಚಾಚಿದಳು. ಎಂಟು ವರ್ಷ. ಎಡಚಿ. ನನಗೆ ಯಾರೂ ಹೇಳಿರಲಿಲ್ಲ.

ನನ್ನ ಕೈ ತಾನೇ ಹೋಯಿತು. ಅವಳ ಬಲ ಮಣಿಕಟ್ಟು ಹಿಡಿದು ಕೆಳಗಿಳಿಸಿ, ಎಡಗೈ ಎಳೆದು ಮುಂದಿಟ್ಟೆ. ಐವತ್ತೈದು ವರ್ಷ ಕಳೆದರೂ ಹಿಡಿತ ಮರೆತಿಲ್ಲ.

ಮಗು ಅಳಲಿಲ್ಲ. ನನಗೆ ಪಾಠ ಹೇಳುವ ಧಾಟಿಯಲ್ಲಿ ಹೇಳಿತು: “ದೊಡ್ಡಜ್ಜ, ಅದು ನನ್ ಕೆಲ್ಸದ ಕೈ. ಇದು ಸುಮ್ನೆ ಕೂತಿರೋ ಕೈ. ದೇವ್ರು ಕೂರೋ ಕೈ ಅಲ್ಲಾಡ್ಬಾರ್ದಲ್ವಾ?”

ಅಯ್ನೋರು ನಕ್ಕರು. “ಸರಿಯಾಗೇ ಹೇಳ್ತು ಬಿಡಿ ಯಜಮಾನ್ರೆ. ಲಿಂಗ ನೆಟ್ಟಗಿದ್ರೆ ಸಾಕು, ಕೈ ಯಾವ್ದಾದ್ರೇನು.”

ಇಷ್ಟೇ. ಅರ್ಧ ನಿಮಿಷದ ಕೆಲಸ. ಬಲ ಅಂಗೈಯಲ್ಲಿ ಲಿಂಗ ಕೂತಿತು. ಆಕಾಶ ಬೀಳಲಿಲ್ಲ. 1970ರಲ್ಲೂ ಬೀಳುತ್ತಿರಲಿಲ್ಲ ಅಂತ ಕಾಣುತ್ತದೆ.

ವಿಜಯೇಂದ್ರ ಎದುರಿಗೇ ಕೂತಿದ್ದ. ನನ್ನ ಕೈಯನ್ನು ನೋಡುತ್ತಿದ್ದ. ಮುಖವನ್ನಲ್ಲ.

ಊಟ ಆದಮೇಲೆ ವರಾಂಡದಲ್ಲಿ ಎಲೆ ಅಡಿಕೆ. ಮಾರ್ಚ್ ಎರಡಕ್ಕೆ ಬಾ ಅಂದೆ. ಮೂವತ್ತಮೂರು ವರ್ಷದಿಂದ ನನ್ನ ಒಂದು ಸಭೆಗೂ ಬಂದವನಲ್ಲ. ಮದುವೆ ಮುಂಜಿಗಳಲ್ಲಿ ಸಿಗುತ್ತಾನೆ, ಅಡಿಕೆ ಕತ್ತರಿಸಿ ಕೊಡುತ್ತಾನೆ, ಅಷ್ಟೆ. ನನಗೂ ವಯಸ್ಸಾಯಿತು. ಆ ಹಾಲ್‌ನಲ್ಲಿ ಅವನೊಬ್ಬ ಕೂತರೆ ಸಾಕಿತ್ತು, ಉಳಿದವರು ಬರದಿದ್ದರೂ ನಡೆಯುತ್ತಿತ್ತು. ಹಾಗಂತ ಹೇಳಲಿಲ್ಲ. “ಊಟ ಚೆನ್ನಾಗಿರತ್ತೆ ಮಾರಾಯ,” ಅಂದೆ.

ಅವನು ಮಾತಾಡಿದ. ಆಡಿದ ಹಾಗೆ ಬರೆಯುವುದಿಲ್ಲ, ಅಭಿನಯಿಸಿದ್ದು ಸಾಕು. ಹೇಳಿದ್ದು ಇಷ್ಟು: “ಆ ಕ್ಯಾಸೆಟ್ ಹಾಕಿಸ್ತಾರೆ ಅಂತ ಆನಂದ್ ಹೇಳ್ದ. ಪೂರ್ತಿ ಹಾಕ್ಸು ಅಣ್ಣ. ಬರ್ತೀನಿ.”

24 ಫೆಬ್ರವರಿ, ಸೋಮವಾರ

ಎರಡು ವಾರ ಬರೆದಿಲ್ಲ. ಬರೆಯುವಂಥದ್ದೇನೂ ಇಲ್ಲ. ಕ್ಯಾಸೆಟ್ ಬೀರುವಿನಲ್ಲಿ, ಸ್ವೆಟರಿನೊಳಗೆ ಬೆಚ್ಚಗಿದೆ.

ಕೊಟ್ಟರೆ ತಮ್ಮ ಬರುತ್ತಾನೆ, ಎಲ್ಲರೂ ಕೇಳುತ್ತಾರೆ. ಕೊಡದಿದ್ದರೆ ಯಾರೂ ಕೇಳುವುದಿಲ್ಲ, ತಮ್ಮ ಬರುವುದಿಲ್ಲ. ಇನ್ನು ಬರುವುದೇ ಇಲ್ಲ.

ಜಯಶೀಲಾ ಇವತ್ತು ಸ್ವೆಟರ್ ಬಿಸಿಲಿಗೆ ಹಾಕಿದಳು. ಕ್ಯಾಸೆಟ್ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು, ಉಪ್ಪಿನಕಾಯಿ ಇಟ್ಟ ಹಾಗೆ. ದೇವರಾಜ ಮೂರು ವಾರದಿಂದ ಸಿಕ್ಕವರಿಗೆಲ್ಲ ತನ್ನ ಮರೆವಿನ ಕಥೆ ಹೇಳಿ ಅತ್ತುಕೊಳ್ಳುತ್ತಿದ್ದಾನಂತೆ. ಅದಷ್ಟು ಹೇಳಿ ಮೊಸರು ಬಡಿಸಿದಳು. ಆಮೇಲೆ:

“ನಾನೂ ಅವತ್ತು ನ್ಯೂ ಟೌನಿನ ಆ ಹಾಲಲ್ಲಿ ಕೂತಿದ್ದೆ ಕಣ್ರೀ.”

26 ಫೆಬ್ರವರಿ, ಬುಧವಾರ. ಶಿವರಾತ್ರಿ

ಉಪವಾಸ. ಬೆಳಿಗ್ಗೆ ಪೂಜೆಗೆ ಕೂತವನಿಗೆ ಏನೋ ಹೊಳೆಯಿತು. ಲಿಂಗವನ್ನು ಬಲ ಅಂಗೈಗೆ ತೆಗೆದುಕೊಂಡೆ. ಎಡಗೈಯಿಂದ ವಿಭೂತಿ.

ಬರಲಿಲ್ಲ. ಮೂರು ಗೆರೆ ಎಳೆಯಲು ಹೋದರೆ ಒಂದು ಅಡ್ಡ, ಒಂದು ಸೊಟ್ಟ. ಬಿಲ್ವ ಪತ್ರೆ ಜಾರಿ ತೊಡೆಯ ಮೇಲೆ ಬಿತ್ತು. ನೀರು ಪಂಚೆಗೆ. ಮೂರನೇ ನಿಮಿಷಕ್ಕೆ ಪಂಚಾಕ್ಷರಿಯೇ ತಪ್ಪಿತು — ಹುಟ್ಟಿದಾಗಿನಿಂದ ಹೇಳುತ್ತಿರುವ ಐದಕ್ಷರ. ಕೈಗೆ ಗಮನ ಕೊಟ್ಟರೆ ಬಾಯಿ ತಪ್ಪುತ್ತದೆ. ಬಾಯಿಗೆ ಕೊಟ್ಟರೆ ಕೈ.

ಹತ್ತು ನಿಮಿಷ ಕೂತೆ. ತಮ್ಮ ಎಂಟನೇ ವಯಸ್ಸಿನಿಂದ ಕೂತಿದ್ದಾನೆ.

ನಾಳೆ ವಾಪಸ್ ಕೊಡುತ್ತೇನೆ. ಇದ್ದದ್ದು ಇದ್ದ ಹಾಗೆ.

1 ಮಾರ್ಚ್, ಶನಿವಾರ

ಇವತ್ತು ವಾಪಸ್ ಇಟ್ಟೆ. ಹೌದು, ಇಟ್ಟೆ, ಕೊಡಲಿಲ್ಲ. ದೇವರಾಜ ಟೀ ಹೇಳಲು ಹೋದ, ಹಳೇ ವಾಲ್ವ್ ರೇಡಿಯೊ ಹಿಂದೆ ಕ್ಯಾಸೆಟ್ ಸರಿಸಿದೆ, ನಾನೇ ‘ಕಂಡುಹಿಡಿದೆ’. ಅವನು ನನ್ನ ಎರಡೂ ಕೈ ಹಿಡಿದುಕೊಂಡ. “ನನ್ ಕಣ್ಣೇ ಹೋಗಿತ್ತು ಸರ್,” ಅಂದ. ಸರಿಯಪ್ಪ, ವಯಸ್ಸು ಅಂದೆ. ನನಗಿಂತ ಹದಿನೈದು ವರ್ಷ ಚಿಕ್ಕವನು.

ನಾಳೆ ಅಂದದ್ದು ಇವತ್ತಾಯಿತು — ಎರಡು ದಿನ ತಡ. ಯಾಕೆಂದರೆ ಗುರುವಾರ ಒಂದು ಸಣ್ಣ ರಿಪೇರಿ ನಡೆಯಿತು. ಅಟ್ಟದಿಂದ ಟೇಪ್ ರೆಕಾರ್ಡರ್ ಇಳಿಸಿ, ಯಾರೂ ಅಳಿಸದಿರಲೆಂದು ಕ್ಯಾಸೆಟ್ಟಿನ ನೆತ್ತಿಯಲ್ಲಿ ಮುರಿದಿಟ್ಟಿದ್ದ ಕಿಂಡಿಗೆ ಕಾಗದದ ಉಂಡೆ ತುರುಕಿ, ಎರಡನೇ ಸೈಡಿನಲ್ಲಿ ಆ ಜಾಗಕ್ಕೆ ತಂದು, ಕೆಂಪು ಗುಂಡಿ ಒತ್ತಿದೆ. ಒಟ್ಟು ಹದಿನಾಲ್ಕು ಸೆಕೆಂಡ್ ಅಳಿಸಿದೆ. ಜಯಶೀಲಾ ಹಾಲು ತರಲು ಹೋಗಿದ್ದಳು. ಮೂವತ್ತು ನಿಮಿಷದಲ್ಲಿ ಹದಿನಾಲ್ಕು ಸೆಕೆಂಡ್ ಯಾರ ಲೆಕ್ಕ? ಹಳೇ ಟೇಪು, ಬೂಷ್ಟು ಹಿಡಿದಿದೆ ಅಂದುಕೊಳ್ಳುತ್ತಾರೆ. ಪೂರ್ತಿ ಹಾಕಿಸಿದ ಹಾಗೂ ಆಯಿತು. ತಮ್ಮ ಬಂದ ಹಾಗೂ ಆಯಿತು.

ಸುಮನಾ ಫೋನ್. ಅಪ್ಪ ನಾಳೆ ಮಾತಾಡಲು ಒಪ್ಪಿದ್ದಾರೆ, ವಾರದಿಂದ ರೂಮಿನ ಬಾಗಿಲು ಹಾಕಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದಾರೆ ಎಂದಳು.   

2 ಮಾರ್ಚ್, ಭಾನುವಾರ. ಮಧ್ಯಾಹ್ನ 3.30

ಶಾಲು ಕುರ್ಚಿಯ ಮೇಲಿದೆ. ಹಣ್ಣಿನ ಬುಟ್ಟಿ ಬಿಚ್ಚಿಲ್ಲ. ಜಯಶೀಲಾ ಒಳಗೆ ಮಲಗಿದ್ದಾಳೆ, ಗೋಡೆ ಕಡೆ ತಿರುಗಿ.

ನಡೆದದ್ದನ್ನು ನಡೆದ ಹಾಗೆ.

ವಿಜಯೇಂದ್ರ ಬಂದ. ಇಸ್ತ್ರಿ ಅಂಗಿ, ಮೊದಲ ಸಾಲು, ಪಕ್ಕದಲ್ಲಿ ಸ್ಪಂದನಾ. ಆನಂದ್ ಇನ್ವಿಟೇಶನ್ನಿನ ಸಾಲನ್ನೇ ಓದಿ ನನ್ನ ಪರಿಚಯ ಮಾಡಿದ: ಒಬ್ಬ ಶ್ರೋತೃವೂ ಎದ್ದು ಹೋದದ್ದಿಲ್ಲ. ಚಪ್ಪಾಳೆ. ಕ್ಯಾಸೆಟ್ ಶುರುವಾಯಿತು. ಹೆಂಡತಿ ಜೋಕುಗಳಿಗೆ ವಯಸ್ಸಾದವರು ನಕ್ಕರು, ಹುಡುಗಿಯರು ಮೊಬೈಲ್ ನೋಡಿದರು. ಕಪ್ಪು ಹುಡುಗಿಯ ಜೋಕಿಗೆ ಯಾರೂ ನಗಲಿಲ್ಲ. ನನ್ನ ದನಿ ಎಷ್ಟು ಎಳೆಯದು, ಎಷ್ಟು ಖುಷಿಯದು.

ತಮ್ಮಯ್ಯ ಬಸ್ ಹತ್ತಿದ. ಮ-ಮ-ಮ. ಟೇಪಿನೊಳಗಿನ ಜನ ನಗುತ್ತಿದ್ದರು. ಮುಂದೆ ಕುರ್ಚಿ ಎಳೆದ ಸದ್ದು, ‘ಕರ್ರ್’ ಎಂದು. ಅದನ್ನು ಅಳಿಸಲು ಮರೆತಿದ್ದೆ. ಆಮೇಲೆ ಮೌನ. ನನ್ನ ಹದಿನಾಲ್ಕು ಸೆಕೆಂಡ್.

ಆ ಮೌನದಲ್ಲಿ ವಿಜಯೇಂದ್ರ ಎದ್ದು ನಿಂತ. ಮೈಕ್ ಕೇಳಲಿಲ್ಲ. ಕೈಯಲ್ಲಿ ಚೀಟಿ ಇರಲಿಲ್ಲ. ನಾನು ಅಳಿಸಿದ್ದನ್ನು ಹೇಳಿದ. 1991ರಲ್ಲಿ ಆ ಹಾಲಿನಲ್ಲಿ, ಮೂರು ವರ್ಷದ ಸುಮನಾಳನ್ನು ಎತ್ತಿಕೊಂಡು ಅವನು ನಡುವೆ ಎದ್ದು ಬಾಗಿಲ ಕಡೆ ಹೊರಟಾಗ ನಾನು ಮೈಕಿನಲ್ಲಿ ಹೇಳಿದ ಮಾತು:

“ಕೂತ್ಕೊಳ್ಳೋ ತಮ್ಮಯ್ಯ, ಬಸ್ಸು ಇನ್ನೂ ಮಲವಗೊಪ್ಪ ದಾಟಿಲ್ಲ.”

ಎಷ್ಟು ಹೊತ್ತು ಹಿಡಿಯಿತೋ ಅಷ್ಟು ಹೊತ್ತು ಹಿಡಿಯಿತು. ಮಲವಗೊಪ್ಪ ಎಂಬಲ್ಲಿ ನಿಂತ, ಕಣ್ಣು ಮುಚ್ಚಿದ, ಮತ್ತೆ ಶುರುಮಾಡಿದ. ಟೇಪು ಮುಂದಕ್ಕೆ ಓಡುತ್ತಿತ್ತು. ದೇವರಾಜ ಎದ್ದುಹೋಗಿ ನಿಲ್ಲಿಸಿದ. ಒಬ್ಬರೂ ನಗಲಿಲ್ಲ. ಮುಗಿಸಿ, ಸ್ಪಂದನಾಳ ಕೈ ಹಿಡಿದುಕೊಂಡು ಹೊರಗೆ ಹೋದ. ಅವಳ ಎಡಗೈ ಹಿಡಿದಿದ್ದ. ಓಡಲಿಲ್ಲ. ನಿಧಾನ.

ಭಾಷಣ ಮಾಡಲಿಲ್ಲ. ‘ಕೆಟ್ಟ ಮುಪ್ಪು’ ಜೇಬಿನಲ್ಲೇ ಉಳಿಯಿತು.

ಹಾಗಾಗಿ ತಿದ್ದುಪಡಿ: ಏಳುನೂರು ಸಭೆ, ಎದ್ದು ಹೋದವನು ಒಬ್ಬ. ಎರಡು ಸಲ. ಮೊದಲ ಸಲ ಜನ ನಕ್ಕರು. ಹನ್ನೊಂದು ಸೆಕೆಂಡ್ ನಕ್ಕರು. ನನ್ನ ಜನ್ಮದ ಅತಿ ಉದ್ದದ ನಗು. ಗುರುವಾರ ಅಳಿಸುವ ಮೊದಲು ಗಡಿಯಾರ ಹಿಡಿದು ಅಳೆದಿದ್ದೆ.

ಜನ ನಕ್ಕರು ಎಂದು ಬರೆದೆ. ಅದೂ ಸುಳ್ಳು. ನಾಲ್ಕು ಸಲ ಹಾಕಿ ಕೇಳಿದ್ದೆ. ಅವರು ಮೊದಲು ಸುಮ್ಮನಿದ್ದರು. ಮಗುವನ್ನೆತ್ತಿಕೊಂಡು ಹೋಗುವವನನ್ನು ನೋಡಿ ನಗಬೇಕೋ ಬೇಡವೋ ಎಂದು ಒಂದು ಕ್ಷಣ ಕಾದರು. ಮೊದಲು ನಕ್ಕವನು ಮೈಕಿಗೆ ತೀರ ಹತ್ತಿರ ಇದ್ದ. ಅವನು ನಕ್ಕಮೇಲೆ ಅವರು. ಟೇಪಿನಲ್ಲಿ ಸ್ಪಷ್ಟವಾಗಿತ್ತು, ಹಲ್ಲೂ ಕಾಣುವಷ್ಟು. ಅವನು ಅಲ್ಲ, ನಾನು.